ನೇರಳೆ ಮಾಸಿದ ಮೇಲೆ

ಮೊದಲು ಬಣ್ಣ ಬಿಟ್ಟಿದ್ದು ಬಾಲದ ಬುಡ. ಬೆಳಿಗ್ಗೆ ಕಾಳು ಹಾಕಲು ತೊಟ್ಟಿಯ ಮುಚ್ಚಳ ತೆಗೆದಾಗ ಕಣ್ಣಿಗೆ ಬಿತ್ತು. ಮೈಯೆಲ್ಲ ನೇರಳೆ ಹಣ್ಣಿನ ಬಣ್ಣವಿದ್ದ ಮೀನಿಗೆ ಬಾಲ ಶುರುವಾಗುವ ಕಡೆ ಕಿರುಬೆರಳ ಉಗುರಿನಷ್ಟು ಜಾಗ ಬೆಳ್ಳಗಾಗಿತ್ತು. ಕಾಯಿಲೆಯಿರಬೇಕೆಂದು ಟಾರ್ಚ್ ಹಿಡಿದು ನೋಡಿದೆ. ಗಾಯವಿಲ್ಲ, ಬೂಷ್ಟಿಲ್ಲ, ಹುರುಪೆ ಎದ್ದಿಲ್ಲ. ಪಕ್ಕದಲ್ಲಿ ಬಂದು ನಿಂತ ಮಗಳು ಗಾಜಿಗೆ ಮೂಗು ಒತ್ತಿ, "ಅಪ್ಪಾ, ಹೊಸ ಲಂಗ ಮೊದ್ಲನೇ ಸಲ ಒಗ್ದಾಗ ಬುಡ್ತದಲ್ಲ, ಹಂಗೆ ಬಣ್ಣ ಬುಡ್ತಾ ಅದ" ಅಂದಳು. ಅವಳ ಮಾತು ಅಕ್ಷರಶಃ ನಿಜವಾಗಿತ್ತು. ಅದು ನನಗೆ ತಿಳಿಯಲು ಇನ್ನೂ ಕೆಲವು ತಿಂಗಳು ಹಿಡಿಯಿತು.

ಆ ಮೀನನ್ನು ಮೈಸೂರಿನ ಒಂದು ಅಂಗಡಿಯಿಂದ ತಂದಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ, ಬಾಯಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡು. ಒಳಗೆ ನಾಲ್ಕು ಮೀನು: ಮೂರು ಕಿತ್ತಳೆ, ಒಂದು ನೇರಳೆ. ಸಂಜೆಯ ಚಾಮರಾಜನಗರದ ರೈಲಿನಲ್ಲಿ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಂಜನಗೂಡಿನಲ್ಲಿ ಹತ್ತಿ ಎದುರಿಗೆ ಕೂತ ಅಜ್ಜಿಯೊಬ್ಬರು ಕವರಿನತ್ತ ಬಗ್ಗಿ, "ಇದೇನ ಮಗಾ, ಮೀನ್ಗೆ ಬದ್ನೆಕಾಯಿ ಬಣ್ಣ?" ಎಂದು ಕೇಳಿದರು. ಬದನಗುಪ್ಪೆ ಬರುವ ತನಕ ಕಣ್ಣು ಕೀಳದೆ ನೋಡುತ್ತಲೇ ಇದ್ದರು. ಅಂಗಡಿಯಲ್ಲಿ ನಾನು ಕೇಳಬೇಕಿದ್ದ ಪ್ರಶ್ನೆಯನ್ನು ರೈಲಿನಲ್ಲಿ ಅವರು ಕೇಳಿದ್ದರು. ಅಂಗಡಿಯವರು ಹೇಳಿದ್ದ ಉತ್ತರವನ್ನೇ ಅವರಿಗೂ ಹೇಳಿದೆ: "ಫಾರಿನ್ ಮೀನು ಅಜ್ಜಿ, ಬಣ್ಣ ಹಂಗೇ."

ಬಣ್ಣ ಹಾಗೆಯೇ ಇರಲಿಲ್ಲ. ಇದನ್ನು ಬ್ಲಡ್ ಪ್ಯಾರೆಟ್ ಸಿಕ್ಲಿಡ್ ಎನ್ನುತ್ತಾರೆ. ನಮ್ಮ ಕಡೆಯ ಅಂಗಡಿಗಳಲ್ಲಿ ಬರೀ ‘ಪ್ಯಾರೆಟ್’. ಗಿಣಿಯ ಕೊಕ್ಕಿನ ಹಾಗೆ ಕೆಳಕ್ಕೆ ಬಾಗಿದ ಮೂತಿಯಿಂದ ಬಂದ ಹೆಸರು. ಇದು ಯಾವ ಹೊಳೆಯಲ್ಲೂ ಹುಟ್ಟಿದ ಮೀನಲ್ಲ. 1986ರ ಸುಮಾರಿಗೆ ತೈವಾನ್‌ನಲ್ಲಿ ಮೀನು ಸಾಕುವವರು ಮಧ್ಯ ಅಮೆರಿಕದ ಎರಡು ಜಾತಿಗಳನ್ನು ಕೂಡಿಸಿ ಹುಟ್ಟಿಸಿದ ಮಿಶ್ರ ತಳಿ. ತಾಯಿತಂದೆಗಳೆಂದು ಸಾಮಾನ್ಯವಾಗಿ ಹೆಸರಿಸುವುದು ನಿಕರಾಗುವಾ ಮತ್ತು ಕೋಸ್ಟರಿಕಾದ ಸರೋವರಗಳ ಮೈಡಾಸ್ ಸಿಕ್ಲಿಡ್ ಹಾಗೂ ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್ ಸೀಮೆಯ ನದಿಗಳ ಕೆಂಪುತಲೆ ಸಿಕ್ಲಿಡ್. ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ವರ ಬೇಡಿದ ಗ್ರೀಕ್ ಕಥೆಯ ರಾಜನ ಹೆಸರು ಮೈಡಾಸ್. ಆ ಜಾತಿಯಲ್ಲಿ ಹೆಚ್ಚಿನವು ಬೂದು ಬಣ್ಣದವು, ಕೆಲವಷ್ಟೇ ಬೆಳೆಯುತ್ತ ಬೆಳೆಯುತ್ತ ಚಿನ್ನದ ಬಣ್ಣಕ್ಕೆ ತಿರುಗುತ್ತವೆ. ಆ ಗುಣ ಮಕ್ಕಳಿಗೂ ಇಳಿದಿದೆ. ಪ್ಯಾರೆಟ್ ಮರಿಯಾಗಿದ್ದಾಗ ಕೆಸರಿನ ಬಣ್ಣದ್ದೇ. ಕೆಲವು ತಿಂಗಳಾದ ಮೇಲೆ ಚರ್ಮದ ಕಪ್ಪು ಕಣಗಳು ಒಂದೊಂದಾಗಿ ಸತ್ತು, ಅಡಿಯಲ್ಲಿದ್ದ ಕಿತ್ತಳೆ ಮೇಲೆ ಬರುತ್ತದೆ.

ಹಾಗಾಗಿ ಈ ಮೀನಿಗೆ ತನ್ನದೆನ್ನುವ ಬಣ್ಣ ಕಿತ್ತಳೆ, ಕೆಂಪು, ಹಳದಿ. ಕೆಲವು ಮಾಸಲು ಬಿಳಿ. ನೇರಳೆ, ಕಡು ನೀಲಿ, ಪಾಚಿ ಹಸಿರು, ಮಿಠಾಯಿ ಗುಲಾಬಿ ಬಣ್ಣದ ಪ್ಯಾರೆಟ್ ಕಂಡರೆ ಯಾರೋ ಬಣ್ಣ ಹಾಕಿದ್ದಾರೆ ಎಂದೇ ಅರ್ಥ. ಹಾಕುವ ಬಗೆ ಎರಡು. ಒಂದು ಸೂಜಿ: ಚರ್ಮದ ಅಡಿಗೆ ಬಣ್ಣದ ದ್ರವ ಚುಚ್ಚುವುದು. ಇನ್ನೊಂದು ಅದ್ದುವುದು: ಮೈಮೇಲಿನ ಲೋಳೆ ಕರಗುವಂಥ ರಾಸಾಯನಿಕದಲ್ಲಿ ಮೀನನ್ನು ಮುಳುಗಿಸಿ, ಬರಿ ಮೈಯಾದ ಮೇಲೆ ಬಣ್ಣದ ನೀರಿಗೆ ಬಿಟ್ಟು, ಆಮೇಲೆ ಲೋಳೆ ಬೇಗ ಕಟ್ಟಲೆಂದು ಮತ್ತೊಂದು ಉರಿಯುವ ದ್ರಾವಣಕ್ಕೆ ಹಾಕುವುದು. ಈ ನಡುವೆ ಸಾಯುವವು ಬಹಳ. ಲೇಸರ್‌ನಲ್ಲಿ ಮೈಮೇಲೆ ಹೃದಯದ ಚಿತ್ರ, ಅಕ್ಷರ ಬರೆಸಿದ ಮೀನುಗಳೂ ಮಾರಾಟಕ್ಕೆ ಬರುತ್ತವೆ. ಬಾಲವನ್ನು ಮರಿಯಲ್ಲೇ ಕತ್ತರಿಸಿ, ಮೈ ಹೃದಯದ ಆಕಾರದಲ್ಲಿ ಕಾಣುವಂತೆ ಮಾಡಿದವನ್ನು ‘ಲವ್ ಹಾರ್ಟ್’ ಎಂದು ಮಾರುತ್ತಾರೆ.

ಮೀನಿನ ಲೋಳೆ ಎಂದರೆ ನಮಗೆ ಅಡಿಗೆಮನೆಯಲ್ಲಿ ಬೂದಿ ಹಾಕಿ ಉಜ್ಜಿ ತೆಗೆಯುವ ಜಾರು ಅಷ್ಟೆ. ಮೀನಿಗೆ ಅದೇ ಕವಚ. ನೀರಿನಲ್ಲಿರುವ ಬೂಷ್ಟು, ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ತಡೆಯುವುದು, ಮೈಯ ಉಪ್ಪು ನೀರಿಗೆ ಸೋರದಂತೆ ಕಾಯುವುದು ಅದು. ಸಿಕ್ಲಿಡ್ ಕುಲದ ಕೆಲವು ಮೀನುಗಳಲ್ಲಿ ಲೋಳೆಗೆ ಇನ್ನೂ ಒಂದು ಕೆಲಸವಿದೆ. ಮೈಡಾಸ್ ಮರಿಗಳು ಮೊಟ್ಟೆಯಿಂದ ಹೊರಬಂದು ಈಜಲು ಕಲಿತ ಮೇಲೆ ತಾಯಿತಂದೆಯ ಮೈಗೆ ಮುತ್ತಿ ಆ ಲೋಳೆಯನ್ನೇ ಕಚ್ಚಿ ತಿನ್ನುತ್ತವೆ. ಹಾಲುಣಿಸುವ ಪ್ರಾಣಿಗಳಲ್ಲಿ ಹಾಲು ಹೇಗೋ, ಇವಕ್ಕೆ ಅದು ಹಾಗೆ. ಇದನ್ನು ಓದಿ ತಿಳಿದ ದಿನ ನಾನು ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದೆ. ಬಣ್ಣದ ಆಸೆಗೆ ನಾನು ಹಣ ಕೊಟ್ಟು ಕೊಂಡದ್ದು ಏನನ್ನು ಎಂದು ಆಗ ಗೊತ್ತಾಯಿತು.

ಈ ವಿಷಯದಲ್ಲಿ ಮೊದಲು ಗಲಾಟೆ ಎದ್ದದ್ದು ನಮ್ಮ ದೇಶದ್ದೇ ಒಂದು ಮೀನಿನ ದೆಸೆಯಿಂದ. ಮೂಳೆಗಳೆಲ್ಲ ಹೊರಗೆ ಕಾಣುವಷ್ಟು ಪಾರದರ್ಶಕವಾದ ಪುಟ್ಟ ಗಾಜು ಮೀನು ಭಾರತದ ಹೊಳೆಕೆರೆಗಳಲ್ಲಿದೆ. ಅದರ ಬೆನ್ನಿನುದ್ದಕ್ಕೂ ಹೊಳೆಯುವ ಬಣ್ಣ ಚುಚ್ಚಿ ಯುರೋಪಿಗೆ ಕಳಿಸುತ್ತಿದ್ದರು. 1990ರ ದಶಕದಲ್ಲಿ ಬ್ರಿಟನ್ನಿನ ಪ್ರಾಕ್ಟಿಕಲ್ ಫಿಶ್‌ಕೀಪಿಂಗ್ ಪತ್ರಿಕೆ ಇದರ ವಿರುದ್ಧ ದನಿಯೆತ್ತಿತು. ಬಣ್ಣ ಚುಚ್ಚಿಸಿಕೊಂಡ ಮೀನುಗಳಲ್ಲಿ ಗಂಟುಗಂಟಾಗಿ ಏಳುವ ಒಂದು ವೈರಸ್ ರೋಗ ಉಳಿದವಕ್ಕಿಂತ ಬಹಳ ಹೆಚ್ಚೆಂದು ಪರೀಕ್ಷೆಯಲ್ಲಿ ಕಂಡುಬಂತು. ಅಲ್ಲಿನ ಎಷ್ಟೋ ಅಂಗಡಿಗಳು ಬಣ್ಣದ ಮೀನು ಮಾರುವುದನ್ನು ಬಿಟ್ಟವು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ‘ಪ್ರಾಣಿ’ ಎಂದು ಕರೆಯುವುದು ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳನ್ನು. ಮೀನೂ ಅದರೊಳಗೇ ಬಂತು. ಆದರೆ ಅಂಗಡಿಯ ಗಾಜಿನ ಮುಂದೆ ನಿಂತಾಗ ಕಾಯ್ದೆ ನೆನಪಾಗುವುದಿಲ್ಲ, ಬಣ್ಣವೇ ಕಣ್ಣು ತುಂಬುತ್ತದೆ. ನನಗೆ ಆದದ್ದೂ ಅದೇ.

ತಂದ ನಾಲ್ಕರಲ್ಲಿ ಎರಡು ಕಿತ್ತಳೆ ಮೀನು ಹತ್ತು ದಿನದೊಳಗೆ ಸತ್ತವು. ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ, ಪೂರ್ತಿ ನನ್ನದೇ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಕೊಂಡಿದ್ದೆ. ಅದರಲ್ಲಿ ಹಿಡಿಯುವುದು 70 ಲೀಟರ್. ಬೆಳೆದಾಗ 20 ಸೆಂಟಿಮೀಟರ್ ಆಗುವ, ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬಾಳುವ ನಾಲ್ಕು ಮೀನುಗಳಿಗೆ ಅದು ಏನೇನೂ ಸಾಲದು. ಅದಕ್ಕಿಂತ ದೊಡ್ಡ ತಪ್ಪು, ತೊಟ್ಟಿ ತುಂಬಿಸಿದ ದಿನವೇ ಮೀನು ಬಿಟ್ಟದ್ದು.

ಹೊಸ ತೊಟ್ಟಿಯ ನೀರು ಎಷ್ಟು ತಿಳಿಯಾಗಿ ಕಂಡರೂ ಅದು ಹದಕ್ಕೆ ಬಂದ ನೀರಲ್ಲ. ಮೀನು ತಿಂದು ಹೊರಬಿಡುವುದು ಅಮೋನಿಯಾ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಮತ್ತೊಂದು ಬಗೆಯದು ಅದನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಾಂಜಿನಲ್ಲಿ, ಕಲ್ಲುಹರಳಿನ ಮೈಮೇಲೆ ಮನೆ ಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹಳೆಯ ತೊಟ್ಟಿಯ ಸ್ಪಾಂಜಿನ ಒಂದು ತುಂಡು ತಂದು ಹಾಕಿದರೆ ಬೇಗ ಆಗುತ್ತದೆ. ಇದು ಯಾವುದೂ ತಿಳಿಯದೆ ನಾನು ಐದನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದಾಗ ಹಸಿವೆಂದುಕೊಂಡು ಇನ್ನಷ್ಟು ಕಾಳು ಹಾಕಿದೆ.

ನಮ್ಮೂರಿನ ನೀರಿಗೂ ಇದರಲ್ಲಿ ಒಂದು ಪಾತ್ರವಿದೆ. ಚಾಮರಾಜನಗರದಲ್ಲಿ ಬೋರ್ ನೀರು ಕಾಯಿಸುವ ಮನೆಯವರಿಗೆಲ್ಲ ಗೊತ್ತು, ಹಂಡೆಯ ತಳಕ್ಕೆ, ಗೀಸರಿನ ಸುರುಳಿಗೆ ಬೆಳ್ಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ಗಡಸು ನೀರು. ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ ಎಂದು ನಾವು ಬಯ್ದುಕೊಳ್ಳುವ ಈ ನೀರು ಪ್ಯಾರೆಟ್‌ಗೆ ಒಗ್ಗುತ್ತದೆ. ಅದರ ಹಿರೀಕರು ಬಂದದ್ದು ಸುಣ್ಣದ ಕಲ್ಲಿನ ಸೀಮೆಯ ಹೊಳೆಗಳಿಂದ, ಖನಿಜ ತುಂಬಿದ ಸರೋವರಗಳಿಂದ. ಆದರೆ ಇದೇ ಗುಣಕ್ಕೆ ಒಂದು ಕೇಡೂ ಅಂಟಿಕೊಂಡಿದೆ. ನೀರು ಕ್ಷಾರವಾದಷ್ಟೂ ಅಮೋನಿಯಾದ ವಿಷ ಏರುತ್ತದೆ. ಮೆದು ನೀರಿನಲ್ಲಿ ಮೀನು ತಡೆದುಕೊಳ್ಳಬಹುದಾದಷ್ಟೇ ಕೊಳೆ ನಮ್ಮ ಬೋರ್ ನೀರಿನಲ್ಲಿ ಕಿವಿರನ್ನು ಸುಡುತ್ತದೆ. ಆದ್ದರಿಂದ ನಮ್ಮ ಕಡೆ ತೊಟ್ಟಿ ಹದಕ್ಕೆ ಬರುವ ತನಕ ಕಾಯುವುದು ಬೇರೆ ಊರಿನವರಿಗಿಂತಲೂ ಹೆಚ್ಚು ಮುಖ್ಯ. ನಲ್ಲಿಯಲ್ಲಿ ಬರುವ ಹೊಳೆ ನೀರಿನದು ಇನ್ನೊಂದು ಕಥೆ: ಅದರಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ಅಗಲದ ಡ್ರಮ್ಮಿನಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಆತುರವಿದ್ದರೆ, ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಬಳಸುತ್ತಿದ್ದ ಹೈಪೊ ಹರಳು ಒಂದು ಚಿಟಿಕೆ ಸಾಕು. ಸ್ಪಾಂಜನ್ನು ಮಾತ್ರ ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ವಾರಗಟ್ಟಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತವೆ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಹಿಂಡಬೇಕು.

ಈಗ ಮನೆಯಲ್ಲಿರುವುದು ಮೂರು ಅಡಿ ಉದ್ದದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿ. ಅಂಚಿನವರೆಗೆ ತುಂಬಿದರೆ 190 ಲೀಟರ್. ನೀರಿನ ಭಾರವೇ 190 ಕಿಲೊ, ಗಾಜು, ಕಲ್ಲು, ಸ್ಟ್ಯಾಂಡಿನದು ಬೇರೆ. ತೊಟ್ಟಿ ಯಾವ ಮೂಲೆಯಲ್ಲಿದ್ದರೆ ಶುಭ ಎಂದು ಕೇಳುವವರು ಬಹಳ ಮಂದಿ. ನೆಲ ಮಟ್ಟಸವಾಗಿ ಗಟ್ಟಿಯಿರುವ, ಕಿಟಕಿಯ ಬಿಸಿಲು ಬೀಳದ, ಬಾಗಿಲು ಬಡಿಯುವ ಸದ್ದಿಲ್ಲದ ಮೂಲೆ ಮೀನಿಗೆ ಶುಭ ಎನ್ನುತ್ತೇನೆ. ಪ್ರತಿ ಭಾನುವಾರ ನಾಲ್ಕರಲ್ಲೊಂದು ಪಾಲು ನೀರು ತೆಗೆದು ಹೊಸದು ಹಾಕುತ್ತೇವೆ. ತೆಗೆದ ನೀರು ಹಿತ್ತಿಲ ಕರಿಬೇವಿಗೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ ತಾನೆ. ಆ ಕರಿಬೇವಿನ ಸೊಂಪು ನೋಡಿ ಅಕ್ಕಪಕ್ಕದವರು ಈಗ ಸೊಪ್ಪಿಗಲ್ಲ, ಮೀನಿನ ನೀರಿಗೇ ಬಿಂದಿಗೆ ತರುತ್ತಾರೆ.

ಗುಂಡ್ಲುಪೇಟೆಯಲ್ಲಿ ಅಕ್ಕನ ಮನೆ. ತೆರಕಣಾಂಬಿ ದಾರಿಯಲ್ಲಿ ಹೋದರೆ ಬಸ್ಸಿನಲ್ಲಿ ದೂರವೇನಲ್ಲ. ಆದರೆ ಹವೆ ಬೇರೆ. ಊರು ನಮ್ಮದಕ್ಕಿಂತ ಎತ್ತರ, ಒಂದು ಕಡೆ ಬಂಡೀಪುರದ ಕಾಡು, ಮೇಲೆ ಗೋಪಾಲಸ್ವಾಮಿ ಬೆಟ್ಟದಿಂದ ಇಳಿಯುವ ಮಂಜು. ಧನುರ್ಮಾಸದ ಬೆಳಗುಗಳಲ್ಲಿ ತೊಟ್ಟಿಯ ನೀರು ಕೈಗೆ ಚುರ್ರೆನ್ನುತ್ತದೆ. ಪ್ಯಾರೆಟ್‌ಗೆ ಬೇಕಾದ ಬಿಸುಪು 24ರಿಂದ 28 ಡಿಗ್ರಿ. ನನ್ನನ್ನು ನೋಡಿ ಅಕ್ಕನೂ ಎರಡು ಮೀನು ಸಾಕಿದಳು, ಬೇಸಿಗೆಯಲ್ಲಿ ಎಲ್ಲ ಸರಿಯಿತ್ತು. ಡಿಸೆಂಬರಿನಲ್ಲಿ ಫೋನ್ ಮಾಡಿದಳು: "ಮೈಮೇಲೆಲ್ಲ ರವೆ ಉದುರಿಸ್ದಂಗೆ ಆಗದ ಕನಪ್ಪ, ಕಲ್ಗೆ ಮೈ ಉಜ್ಕತಾವೆ."

ಅದು ಬಿಳಿಚುಕ್ಕೆ ರೋಗ. ಚಳಿಗೆ ಮೀನು ಸೋತಾಗ ಮೇಲೆ ಬೀಳುವ ಒಂದು ಏಕಕೋಶಜೀವಿ. ಚರ್ಮದೊಳಗೆ ಹೊಕ್ಕಿರುವಾಗ ಅದಕ್ಕೆ ಯಾವ ಮದ್ದೂ ತಾಗುವುದಿಲ್ಲ. ಬಲಿತು ಉದುರಿ, ಒಡೆದು ನೂರಾರಾಗಿ, ಮತ್ತೆ ಮೀನು ಹುಡುಕಿಕೊಂಡು ನೀರಿನಲ್ಲಿ ಈಜುವ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಕೊಲ್ಲಬಹುದು. ನೀರು ಬೆಚ್ಚಗಾದಷ್ಟೂ ಅದರ ಈ ಸುತ್ತು ಬೇಗ ಮುಗಿಯುತ್ತದೆ. ಅದಕ್ಕೇ ಮೊದಲು ಹೀಟರ್. ದಿನಕ್ಕೆ ಒಂದೆರಡು ಡಿಗ್ರಿಯಂತೆ ನಿಧಾನವಾಗಿ 30ಕ್ಕೆ ಏರಿಸಿ, ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಸೇರಿಸಿ, ಗಾಳಿಯ ಪಂಪನ್ನು ಜೋರು ಮಾಡಿ ಎಂದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಪಂಪು ಜೋರಾಗಿರಬೇಕು. ಎರಡು ವಾರದಲ್ಲಿ ಮೈ ತಿಳಿಯಾಯಿತು. ಕರೆಂಟು ಹೋದ ಒಂದು ರಾತ್ರಿ ಭಾವ ತೊಟ್ಟಿಗೆ ಕಂಬಳಿ ಸುತ್ತಿ, ಬಿಸಿನೀರು ತುಂಬಿದ ಬಾಟಲಿಗಳನ್ನು ನೀರಿನಲ್ಲಿ ತೇಲಿಬಿಟ್ಟು, ಲೋಟದಲ್ಲಿ ನೀರೆತ್ತಿ ಎತ್ತಿ ಹುಯ್ಯುತ್ತ ಬೆಳಗು ಮಾಡಿದರಂತೆ. ಮೀನು ಸಾಕುವುದೇ ದಂಡ ಎನ್ನುತ್ತಿದ್ದವರು ಅವರು. ಅವತ್ತಿನಿಂದ ಒಂದು ಮಾತೂ ಆಡಿಲ್ಲ.

ಮೀನಿಗೆ ಅದರ ಸ್ವಂತ ಬಣ್ಣ ಎಲ್ಲಿಂದ ಬರುತ್ತದೆಂಬ ಒಗಟು ನನಗೆ ಬಗೆಹರಿದದ್ದೂ ಅಕ್ಕನ ಮನೆಗೆ ಹೋಗುವಾಗಲೇ. ಆಷಾಢ, ಶ್ರಾವಣದಲ್ಲಿ ಗುಂಡ್ಲುಪೇಟೆ ಸುತ್ತ ಹೊಲಗಳು ಹೇಗಿರುತ್ತವೆಂದು ಊಟಿ ದಾರಿಯಲ್ಲೋ ವಯನಾಡಿನ ದಾರಿಯಲ್ಲೋ ಹೋದವರಿಗೆ ಹೇಳಬೇಕಿಲ್ಲ. ಹಂಗಳದ ಕಡೆ ಸೂರ್ಯಕಾಂತಿ, ಚೆಂಡು ಹೂವು. ಕಣ್ಣು ಹೋದಷ್ಟು ದೂರ ಹಳದಿ, ಕಿತ್ತಳೆ. ಕೇರಳದವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಓಣಂ ಹಬ್ಬದ ಹೂವಿನ ರಂಗೋಲಿಗೆ ಹೂ ಹೋಗುವುದೂ ಉಂಟು. ಆದರೆ ಈ ಚೆಂಡು ಹೂವಿನ ದೊಡ್ಡ ಪಾಲು ಯಾವ ದೇವರ ಮುಡಿಗೂ ಏರುವುದಿಲ್ಲ, ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಎಸಳನ್ನು ಒಣಗಿಸಿ ಅದರಿಂದ ತೆಗೆಯುವುದು ಲ್ಯೂಟಿನ್ ಎಂಬ ಹಳದಿ ವರ್ಣದ್ರವ್ಯ. ಕೋಳಿಯ ಆಹಾರಕ್ಕೆ ಬೆರೆಸಿದರೆ ಮೊಟ್ಟೆಯ ಭಂಡಾರ ಕಡು ಹಳದಿಯಾಗುತ್ತದೆ. ಮೀನಿನ ಆಹಾರಕ್ಕೆ ಬೆರೆಸಿದರೆ ಮೀನಿನ ಮೈ.

ಹಳದಿ, ಕಿತ್ತಳೆ, ಕೆಂಪನ್ನು ಕೊಡುವ ಕೆರೊಟಿನಾಯ್ಡ್‌ಗಳನ್ನು ಯಾವ ಮೀನೂ ತನ್ನ ಮೈಯಲ್ಲಿ ಹೊಸದಾಗಿ ಹುಟ್ಟಿಸಿಕೊಳ್ಳಲಾರದು, ತಿಂದೇ ಪಡೆಯಬೇಕು. ರಾಜಹಂಸದ ಗುಲಾಬಿ ಬಣ್ಣ ಅದು ತಿನ್ನುವ ಪಾಚಿ, ಸೀಗಡಿಗಳದು. ಪ್ಯಾರೆಟ್‌ನ ಕಿತ್ತಳೆಯೂ ಹಾಗೆಯೇ. ಚೆಂಡು ಹೂವು ಹಳದಿ ಕೊಡುತ್ತದೆ. ಕೆಂಪು ಬರಬೇಕಾದರೆ ಸೀಗಡಿಯ ಸಿಪ್ಪೆಯಲ್ಲಿ, ಕೆಲವು ಪಾಚಿಗಳಲ್ಲಿ ಇರುವ ಆಸ್ಟಕ್ಸಾಂಥಿನ್ ಬೇಕು. ಸ್ಪಿರುಲಿನಾ ಪಾಚಿಯೂ ಬಣ್ಣ ಏರಿಸುತ್ತದೆ. ಅದನ್ನು ನಮ್ಮ ದೇಶದಲ್ಲಿ ಬೆಳೆಸುವ ಬಗೆಯನ್ನು ರೂಪಿಸಿದವರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳೂ ಇದ್ದಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಸಂಗತಿ ಬೇರೆ. ಚೆಂಡು ಹೂವು ನಮ್ಮ ನೆಲದ್ದಲ್ಲ, ಅದರ ತವರು ಮೆಕ್ಸಿಕೊ ಸೀಮೆ. ಕೆಂಪುತಲೆ ಸಿಕ್ಲಿಡ್‌ನ ಹೊಳೆಗಳಿರುವುದೂ ಅಲ್ಲೇ. ಒಂದೇ ಸೀಮೆಯ ಹೂವೂ ಮೀನೂ ಬೇರೆ ಬೇರೆ ದಾರಿ ಹಿಡಿದು, ಶತಮಾನಗಳ ಅಂತರದಲ್ಲಿ ನಮ್ಮ ಜಿಲ್ಲೆಗೆ ಬಂದಿವೆ.

ಹೊಲದ ಹೂವನ್ನು ನೇರ ತಂದು ಹಾಕಬಾರದು, ಅದಕ್ಕೆ ಔಷಧಿ ಹೊಡೆದಿರುತ್ತಾರೆ. ನಾವು ಮಹಡಿಯ ಕುಂಡಗಳಲ್ಲಿ ನಾಲ್ಕು ಗಿಡ ಹಾಕಿದ್ದೇವೆ. ಎಸಳನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುವುದು ಮಗಳ ಕೆಲಸ. ತಿಂಗಳಿಗೊಮ್ಮೆ ಸಿಪ್ಪೆ ಸಮೇತ ಸೀಗಡಿ, ಬೇಯಿಸಿ ತೊಗಟೆ ತೆಗೆದ ಬಟಾಣಿ, ಒಂದು ಚಮಚ ಸ್ಪಿರುಲಿನಾ, ಒಂದು ಚಮಚ ಹೂವಿನ ಪುಡಿ ಎಲ್ಲವನ್ನೂ ರುಬ್ಬಿ, ಅಗರ್ ಕಾಯಿಸಿ ಸೇರಿಸಿ ತಟ್ಟೆಗೆ ಹುಯ್ದು ಬರ್ಫಿಯ ಹಾಗೆ ಕತ್ತರಿಸಿ ಫ್ರೀಜರಿನಲ್ಲಿಡುತ್ತೇವೆ. ವಾರದಲ್ಲಿ ಎರಡು ದಿನ ಅದು, ಉಳಿದ ದಿನ ಅಂಗಡಿಯ ಕಾಳು. ಕಾಳು ಸಣ್ಣದಿರಬೇಕು, ನಿಧಾನವಾಗಿ ಮುಳುಗುವಂಥದ್ದಾಗಬೇಕು. ಈ ಮೀನಿನ ಬಾಯಿ ಪೂರ್ತಿ ಮುಚ್ಚುವುದಿಲ್ಲ, ನಿಂತ ಸೀಳಿನ ಹಾಗೆ ಸದಾ ತೆರೆದೇ ಇರುತ್ತದೆ. ಕಚ್ಚಿ ಹಿಡಿಯಲಾರದು, ನೀರಿನೊಂದಿಗೆ ಒಳಗೆಳೆದುಕೊಂಡು ಗಂಟಲ ಹಲ್ಲಿನಲ್ಲಿ ಅರೆಯುತ್ತದೆ. ಚುರುಕಾದ ಬೇರೆ ಮೀನುಗಳ ಜೊತೆ ಬಿಟ್ಟರೆ ಊಟ ಸಿಗದೆ ಸೊರಗುತ್ತದೆ. ಆಸ್ಕರ್, ಫ್ಲವರ್‌ಹಾರ್ನ್‌ನಂಥ ಒರಟರ ಜೊತೆಗಂತೂ ಬೇಡವೇ ಬೇಡ.

ಇಂಥ ಬಾಯಿ, ಗಿಡ್ಡವಾದ ಬೆನ್ನೆಲುಬು ಇರುವ ಮೀನನ್ನು ಹುಟ್ಟಿಸಿದ್ದೇ ತಪ್ಪು ಎನ್ನುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಪ್ಯಾರೆಟ್ ಮಾರುವುದನ್ನೇ ನಿಲ್ಲಿಸಿ ಎಂದು ಕೇಳಿದವರೂ ಇದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ ಎಂದೇ ನನ್ನ ಭಾವನೆ. ನಾನಿನ್ನು ಹೊಸ ಪ್ಯಾರೆಟ್ ಕೊಳ್ಳುವುದಿಲ್ಲ. ಆದರೆ ಮನೆಗೆ ಬಂದವನ್ನು ಬಿಡಲಾರೆ. ಹತ್ತು ಹದಿನೈದು ವರ್ಷ ನೋಡಿಕೊಳ್ಳುವುದೆಂದರೆ ಮಗಳು ಕಾಲೇಜು ಮುಗಿಸುವ ತನಕ. ಹೊಸದಾಗಿ ತರಲು ಹೊರಟವರು ಈ ಲೆಕ್ಕ ಹಾಕಿಕೊಂಡೇ ಹೊರಡಿ. ತಂದರೂ ಕಿತ್ತಳೆಯದನ್ನೋ ಹಳದಿಯದನ್ನೋ ತನ್ನಿ. ನೇರಳೆ, ನೀಲಿಯನ್ನು ಯಾರೂ ಕೊಳ್ಳದ ದಿನ ಅದನ್ನು ಅದ್ದುವವರೂ ಇರುವುದಿಲ್ಲ.

ಬೇಸರವಾಯಿತೆಂದು ಕೆರೆಗೆ ಬಿಡುವವರನ್ನೂ ಕಂಡಿದ್ದೇನೆ. ಪುಣ್ಯದ ಕೆಲಸವೆಂದೇ ಮಾಡುತ್ತಾರೆ. ನಮ್ಮ ಕೆರೆಗಳಿಗೆ ಈಗಾಗಲೇ ಹೊರಗಿನಿಂದ ಬಂದ ಸಿಕ್ಲಿಡ್ ಒಂದಿದೆ. ಕೆರೆಯ ಏರಿಯ ಮೇಲೆ ತಕ್ಕಡಿ ಇಟ್ಟು ಮಾರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಈ ಪ್ಯಾರೆಟ್‌ನ ದಾಯಾದಿ. ಆಫ್ರಿಕಾ ಮೂಲದ ಅದನ್ನು 1952ರಲ್ಲಿ ಭಾರತಕ್ಕೆ ತಂದರು. ಬೇಗ ಬೆಳೆದು ಬಡವರ ತಟ್ಟೆ ತುಂಬಲಿ ಎಂಬ ಆಸೆಯಿತ್ತು. ತಟ್ಟೆಯೇನೋ ತುಂಬಿತು, ಆದರೆ ಎಷ್ಟೋ ಕೆರೆಗಳಲ್ಲಿ ನಮ್ಮ ಸ್ಥಳೀಯ ಮೀನುಗಳ ಜಾಗವೂ ಅದರ ಪಾಲಾಯಿತು. ಅದರ ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಅಪಾಯ ಕಂಡರೆ ಮರಿಗಳೂ ಬಾಯೊಳಗೆ ನುಗ್ಗುತ್ತವೆ. ಹಾಗಾಗಿ ಅದರ ಸಂತತಿ ಎಲ್ಲಿ ಹೋದರೂ ಉಳಿಯುತ್ತದೆ.

ಭಾರತದ್ದೇ ಆದ ಸಿಕ್ಲಿಡ್‌ಗಳು ಮೂರೇ ಮೂರು. ಚೆಂಡು ಹೂವಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡ ಕೇರಳದವರು ಘಾಟಿ ಇಳಿದು ಮನೆಗೆ ಹೋಗಿ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನು ಅದರಲ್ಲೊಂದು. ಎರಡನೆಯದು ಕಿತ್ತಳೆ ಕ್ರೋಮೈಡ್, ಬೆರಳುದ್ದದ ಚೆಲುವೆ. ಇದರ ಮರಿಗಳೂ ತಾಯಿತಂದೆಯ ಲೋಳೆ ತಿಂದೇ ಬೆಳೆಯುತ್ತವೆ. ಮೂರನೆಯದು ನಮ್ಮ ಕರಾವಳಿ ಜಿಲ್ಲೆಯ ಹೊಳೆಗಳಲ್ಲಿರುವ, ಮೈತುಂಬ ಮುತ್ತು ಚೆಲ್ಲಿದಂತಿರುವ ಮೀನು. 1877ರಲ್ಲಿ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಅದಕ್ಕೆ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟ. ಹೆಸರಿನಲ್ಲೇ ಕೆನರಾ ಇದೆ. ಯಾವ ಸೂಜಿಯೂ ಬಣ್ಣವೂ ಇಲ್ಲದೆ ಅಷ್ಟು ಚೆಂದವಿರುವ ಈ ಮೀನಿನ ಹೆಸರನ್ನು ಕನ್ನಡದ ಮಕ್ಕಳು ಕೇಳಿಯೇ ಇಲ್ಲವಲ್ಲ ಎಂಬ ಸಂಕಟ ನನಗಿದೆ.

ನೇರಳೆ ಮಾಸುತ್ತ ಬಂದು ಎಂಟನೇ ತಿಂಗಳಿಗೆ ಪೂರ್ತಿ ಹೋಯಿತು. ಕೆಲವು ದಿನ ಆ ಮೀನು ತೊಳೆದಿಟ್ಟ ಮೂಲಂಗಿಯ ಹಾಗೆ ಬಿಳಿಚಿಕೊಂಡಿತ್ತು. ಆಮೇಲೆ ಕೆನ್ನೆಯ ಹತ್ತಿರ, ಈಜುರೆಕ್ಕೆಗಳ ಬುಡದಲ್ಲಿ ತೆಳುವಾಗಿ ಕಿತ್ತಳೆ ಬಂತು. ಮಗಳು ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೊಂದು ಸಲ ಬಣ್ಣದ ಪೆನ್ಸಿಲಿನಲ್ಲಿ ಅದರ ಚಿತ್ರ ಬರೆದಿದ್ದಾಳೆ. ಮೊದಲ ಪುಟದಲ್ಲಿ ಸವೆದದ್ದು ನೇರಳೆ ಪೆನ್ಸಿಲ್, ಈಚಿನ ಪುಟಗಳಲ್ಲಿ ಕಿತ್ತಳೆ.

ಅದು ಹೆಣ್ಣೆಂದು ಗೊತ್ತಾದದ್ದು ಹೋದ ವರ್ಷ. ಅಡಗಲು ಇರಲಿ ಎಂದು ತೊಟ್ಟಿಯಲ್ಲಿ ಒಂದು ನಾಡಹೆಂಚು ಬೋರಲು ಹಾಕಿದ್ದೆವು. ಒಂದು ಸಂಜೆ ಅದೂ ಜೊತೆಯ ಕಿತ್ತಳೆ ಮೀನೂ ಸರದಿಯಂತೆ ಹೆಂಚಿನ ಬೆನ್ನನ್ನು ಮೂತಿಯಿಂದ ಉಜ್ಜತೊಡಗಿದವು. ಸುತ್ತಲಿನ ಹರಳುಗಳನ್ನು ಒಂದೊಂದಾಗಿ ಬಾಯಲ್ಲೆತ್ತಿ ದೂರ ಉಗುಳಿ ಗುಂಡಿ ಮಾಡಿದವು. ಮಾರನೇ ದಿನ ಹೆಂಚಿನ ಮೇಲೆ ಗಸಗಸೆಗಿಂತ ತುಸು ದೊಡ್ಡ, ಜೇನಿನ ಬಣ್ಣದ ಮೊಟ್ಟೆಗಳು ಸಾಲಾಗಿ ಅಂಟಿದ್ದವು. ಹೆಣ್ಣು ಅವುಗಳ ಮೇಲೆ ನಿಂತು ಎದೆಯ ರೆಕ್ಕೆಗಳನ್ನು ಬೀಸಣಿಗೆಯ ಹಾಗೆ ಆಡಿಸುತ್ತಿತ್ತು. ಹೊಸ ನೀರು ತಾಗುತ್ತಿರಲಿ, ಧೂಳು ಕೂರದಿರಲಿ ಎಂದು. ಗಂಡು ಗಾಜಿನ ಬಳಿ ಬಂದು ನನ್ನ ಬೆರಳಿಗೆ ಎದುರು ನಿಂತಿತು. ಮುಚ್ಚಲಾಗದ ಆ ಬಾಯಲ್ಲಿ ಅದು ಯಾರನ್ನೂ ಕಚ್ಚಲಾರದು, ಆದರೂ ಎದುರು ನಿಂತಿತು.

ಪ್ಯಾರೆಟ್ ಗಂಡುಗಳಲ್ಲಿ ಹೆಚ್ಚಿನವಕ್ಕೆ ಮರಿ ಹುಟ್ಟಿಸುವ ಶಕ್ತಿಯಿಲ್ಲ. ಇದು ನನಗೆ ಗೊತ್ತಿತ್ತು, ಮಗಳಿಗೆ ಗೊತ್ತಿರಲಿಲ್ಲ. ಎರಡನೇ ದಿನ ಕೆಲವು ಮೊಟ್ಟೆ ಬೆಳ್ಳಗಾದವು. ಹೆಣ್ಣು ಅವನ್ನು ಹುಷಾರಾಗಿ, ಪಕ್ಕದವಕ್ಕೆ ತಾಗದ ಹಾಗೆ ಹೀರಿ ತೆಗೆಯಿತು. ಮೂರನೇ ದಿನ ಅರ್ಧಕ್ಕೂ ಹೆಚ್ಚು ಬೆಳ್ಳಗಾಗಿ ಬೂಷ್ಟು ಹಿಡಿದಿದ್ದವು. ಬೀಸುವುದು ನಿಲ್ಲಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೂ ಬೀದಿಯ ಬೆಳಕಿನಲ್ಲಿ ರೆಕ್ಕೆ ಆಡುವುದು ಕಾಣುತ್ತಿತ್ತು. ಹೆಂಚನ್ನು ಹೊರಗೆ ತೆಗೆದುಬಿಡೋಣವೇ, ಪಾಪ ದಣಿಯುತ್ತಿದೆ ಎಂದು ಹೆಂಡತಿ ಕೇಳಿದಳು. ಕೈ ಹಾಕಲು ನನಗೆ ಮನಸ್ಸು ಬರಲಿಲ್ಲ. ಮರಿ ಯಾವಾಗ ಬರುತ್ತದೆ ಎಂದು ಮಗಳು ಕೇಳಿದಾಗ, ಬರುವುದಿಲ್ಲ ಕೂಸೇ ಎಂದು ಕಾರಣವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ಕೆ ಗೊತ್ತಾ?" ಅಂದಳು.

ನಾಲ್ಕನೇ ದಿನ ಬೆಳಿಗ್ಗೆ ಹೆಂಚು ಬರಿದಾಗಿತ್ತು. ಉಳಿದ ಮೊಟ್ಟೆಗಳನ್ನು ಅವೇ ತಿಂದಿದ್ದವು. ಗುಂಡಿಗೆ ಹರಳು ಅರ್ಧ ತುಂಬಿತ್ತು. ಮುಚ್ಚಳ ತೆಗೆದ ಸದ್ದಿಗೆ ಎರಡೂ ಮುಂದಿನ ಗಾಜಿಗೆ ಬಂದು, ತೆರೆದ ಬಾಯಿಗಳನ್ನು ಮೇಲಕ್ಕೆತ್ತಿ ಕಾಳಿಗೆ ಕಾದು ನಿಂತವು. ಹೆಣ್ಣಿನ ಬಾಲದ ಬುಡದಲ್ಲಿ, ಮೊದಲು ನೇರಳೆ ಬಿಟ್ಟಿದ್ದ ಜಾಗದಲ್ಲಿ, ಕಿತ್ತಳೆ ಗಾಢವಾಗಿತ್ತು.